ಸಂಜೆ ಆರೂವರೆಗೆ ಏನು ಮಾಡುವುದು: ಕುಡಿತ ಬಿಟ್ಟವರಿಗೆ ಚಟುವಟಿಕೆ ಚಿಕಿತ್ಸೆಯ ಕ್ರಮ

ಕರಾವಳಿಯಲ್ಲಿ ಕುಡಿತ ಬಿಡಬೇಕೆಂದು ಮನಸ್ಸು ಮಾಡಿದವರಿಗೆ ಮೊದಲ ಹೆಜ್ಜೆಗೆ ನೆರವು ಸಿಗುವುದು ಅಷ್ಟೇನೂ ಕಷ್ಟವಲ್ಲ. ಮಂಗಳೂರಿನ ವೆನ್ಲಾಕ್ ಜಿಲ್ಲಾಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಉಡುಪಿ ದೊಡ್ಡಣಗುಡ್ಡೆಯ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಮುಂತಾದ ಕಡೆ ಮನೋವೈದ್ಯರಿದ್ದಾರೆ. ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳು ಊರೂರಲ್ಲಿ ನಡೆಯುತ್ತವೆ. ಕಷ್ಟ ಆರಂಭವಾಗುವುದು ಶಿಬಿರ ಮುಗಿಸಿಯೋ ಆಸ್ಪತ್ರೆಯಿಂದ ಬಿಡುಗಡೆಯಾಗಿಯೋ ಮನೆಗೆ ಬಂದ ಮೇಲೆ, ಸಂಜೆ ಆರೂವರೆಯ ಹೊತ್ತಿಗೆ. ಕೆಲಸ ಮುಗಿದಿರುತ್ತದೆ, ಕಿಸೆಯಲ್ಲಿ ಸಂಬಳವಿರುತ್ತದೆ, ರಾತ್ರಿಯ ಊಟಕ್ಕೆ ಇನ್ನೂ ಎರಡು ಗಂಟೆ ಬಾಕಿ ಇರುತ್ತದೆ, ಮತ್ತು ವರ್ಷಾನುಗಟ್ಟಲೆ ಆ ಎರಡು ಗಂಟೆಯನ್ನು ತುಂಬಿದ್ದ ಒಂದೇ ಒಂದು ಸಂಗತಿ ಈಗ ಇಲ್ಲವಾಗಿರುತ್ತದೆ. ಕುಡಿಯಬೇಡ ಎಂದು ಹೇಳುವವರು ಬೇಕಾದಷ್ಟು ಮಂದಿ. ಕುಡಿಯದೆ ಆ ಹೊತ್ತನ್ನು ಹೇಗೆ ಕಳೆಯಬೇಕೆಂದು ಕುಳಿತು ಹೇಳಿಕೊಡುವವರು ಕಡಿಮೆ.

ಬಿಹೇವಿಯರಲ್ ಆ್ಯಕ್ಟಿವೇಶನ್ ಎಂಬ ಚಿಕಿತ್ಸಾಕ್ರಮ ಕೈಹಾಕುವುದು ಸರಿಯಾಗಿ ಇಲ್ಲಿಗೆ. ಅನುಕೂಲಕ್ಕಾಗಿ ಇದನ್ನು ಮುಂದೆ ಚಟುವಟಿಕೆ ಚಿಕಿತ್ಸೆ ಎಂದು ಕರೆಯುತ್ತೇನೆ. ಕುಡಿತ ಬಿಟ್ಟವರು, ಅವರ ಮನೆಯವರು, ಮತ್ತು ನವಜೀವನ ಸಮಿತಿಯಂಥ ಗುಂಪುಗಳಲ್ಲಿ ಅವರ ಜೊತೆಗಿರುವವರು ಇದನ್ನು ಹೇಗೆ ಬಳಸಿಕೊಳ್ಳಬಹುದೆಂದು ವಿವರಿಸುವುದು ಈ ಬರಹದ ಉದ್ದೇಶ.

ವಿಚಾರ ಎಲ್ಲಿಂದ ಬಂತು

ಖಿನ್ನತೆಗೆ ಒಳಗಾದವರ ಬದುಕಿನಲ್ಲಿ ಸಂತೋಷವನ್ನೋ ತೃಪ್ತಿಯನ್ನೋ ತರುವ ಕೆಲಸಗಳು ಒಂದೊಂದಾಗಿ ಕಳಚಿಹೋಗಿ, ನೋವನ್ನು ತಪ್ಪಿಸಿಕೊಳ್ಳುವ ನಡವಳಿಕೆಗಳು ಮಾತ್ರ ಉಳಿಯುತ್ತವೆ ಎಂಬ ವಿವರಣೆಯನ್ನು 1970ರ ದಶಕದಲ್ಲಿ ಚಾರ್ಲ್ಸ್ ಫರ್ಸ್ಟರ್ ಮತ್ತು ಪೀಟರ್ ಲೆವಿನ್‌ಸನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಮುಂದಿಟ್ಟರು. 1996ರಲ್ಲಿ ನೀಲ್ ಜೇಕಬ್‌ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದು, ಯೋಚನೆಗಳನ್ನು ತಿದ್ದುವ ಭಾಗವನ್ನು ಬಿಟ್ಟು ಚಟುವಟಿಕೆಗಳನ್ನು ಹೆಚ್ಚಿಸುವ ಭಾಗವನ್ನಷ್ಟೇ ಕೊಟ್ಟರೂ ಖಿನ್ನತೆಯ ರೋಗಿಗಳಿಗೆ ಪೂರ್ಣ ಚಿಕಿತ್ಸೆಯಷ್ಟೇ ಗುಣ ಸಿಕ್ಕಿತೆಂದು ತೋರಿಸಿತು. ನಮಗೆ ಹೆಚ್ಚು ಹತ್ತಿರದ್ದು ಗೋವಾದ ಅನುಭವ. ಅಲ್ಲಿನ ಸಂಗಾತ್ ಸಂಸ್ಥೆ ಮತ್ತು ವಿಕ್ರಂ ಪಟೇಲ್ ಅವರ ತಂಡ ಇದೇ ತತ್ತ್ವದ ಮೇಲೆ ಒಂದು ಸರಳ ಕ್ರಮವನ್ನು ರೂಪಿಸಿ, ವೈದ್ಯರೂ ಮನಶ್ಶಾಸ್ತ್ರಜ್ಞರೂ ಅಲ್ಲದ, ತರಬೇತಿ ಪಡೆದ ಸಾಮಾನ್ಯ ಸಮಾಲೋಚಕರ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೊಡಿಸಿತು. ಅದರ ಉತ್ತಮ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಚಟದ ಚಿಕಿತ್ಸೆಗೆ ಈ ಕ್ರಮವನ್ನು ಒಗ್ಗಿಸಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಸ್ಟೇಸಿ ಡಾಟರ್ಸ್ ಮುಖ್ಯರು. ವಸತಿ ಚಿಕಿತ್ಸಾಕೇಂದ್ರಗಳಲ್ಲಿದ್ದವರ ಮೇಲೆ ಅವರ ತಂಡ ನಡೆಸಿದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಟುವಟಿಕೆ ಚಿಕಿತ್ಸೆ ಪಡೆದವರು ಕೇಂದ್ರ ಬಿಟ್ಟ ಒಂದು ವರ್ಷದ ನಂತರವೂ ಚಟದಿಂದ ದೂರವಿರುವ ಸಾಧ್ಯತೆ, ಬರೀ ಸಾಂತ್ವನದ ಸಮಾಲೋಚನೆ ಪಡೆದವರಿಗಿಂತ ಹೆಚ್ಚಿತ್ತು.

ತತ್ತ್ವ ಸರಳವಾದದ್ದು. ಕುಡಿತ ಗಟ್ಟಿಯಾಗುತ್ತ ಹೋದಂತೆ ಭಜನೆ, ವಾಲಿಬಾಲ್, ತೋಟದ ಕೆಲಸ, ನೆಂಟರ ಮನೆ, ಮಕ್ಕಳ ಜೊತೆಗಿನ ಹೊತ್ತು ಇವೆಲ್ಲ ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ಕುಡಿತ ನಿಲ್ಲಿಸಿದ ದಿನ ಅವು ತಾವಾಗಿಯೇ ಹಿಂತಿರುಗುವುದಿಲ್ಲ. ಮನುಷ್ಯ ಖಾಲಿಯಾಗಿ ಕೂರುತ್ತಾನೆ, ಮಂಕಾಗುತ್ತಾನೆ, ಮಂಕಾದದ್ದರಿಂದ ಏನನ್ನೂ ಮಾಡುವುದಿಲ್ಲ, ಏನನ್ನೂ ಮಾಡದಿರುವುದರಿಂದ ಮತ್ತಷ್ಟು ಮಂಕಾಗುತ್ತಾನೆ. ಆ ಮಂಕನ್ನು ಹತ್ತೇ ನಿಮಿಷದಲ್ಲಿ ಓಡಿಸುವ ಒಂದು ದಾರಿ ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ. "ಮನಸ್ಸು ಸರಿಯಾಗಲಿ, ಆಮೇಲೆ ಎಲ್ಲ ಮಾಡುತ್ತೇನೆ" ಎಂದು ಕಾಯುವುದನ್ನು ಬಿಟ್ಟು, ಮನಸ್ಸಿಲ್ಲದಿದ್ದರೂ ಮೊದಲೇ ಗೊತ್ತುಪಡಿಸಿದ ಸಣ್ಣ ಕೆಲಸವನ್ನು ಗೊತ್ತುಪಡಿಸಿದ ಹೊತ್ತಿಗೆ ಮಾಡುವುದೇ ಈ ಚಿಕಿತ್ಸೆ. ಮನಸ್ಸು ಕೆಲಸದ ಹಿಂದೆ ಬರುತ್ತದೆ, ಕೆಲವೊಮ್ಮೆ ತಡವಾಗಿ.

ಆರಂಭಕ್ಕೆ ಮೊದಲು ವೈದ್ಯರು

ದಿನವೂ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಬೆವರು, ನಿದ್ರಾಹೀನತೆಯ ಜೊತೆಗೆ, ಸಾಮಾನ್ಯವಾಗಿ 6ರಿಂದ 48 ಗಂಟೆಗಳ ನಡುವೆ ಅಪಸ್ಮಾರದಂಥ ಸೆಳವು, ಎರಡರಿಂದ ನಾಲ್ಕನೆಯ ದಿನದೊಳಗೆ ದಿಕ್ಕು ತಪ್ಪಿದ ಮಾತು ಮತ್ತು ಇಲ್ಲದ್ದು ಕಾಣಿಸುವ ತೀವ್ರ ಗೊಂದಲದ ಸ್ಥಿತಿ ಬರಬಹುದು. ಇದು ಪ್ರಾಣಕ್ಕೆ ಅಪಾಯ ತರುವ ಸ್ಥಿತಿ. ಮನೆಯಲ್ಲಿ ನಿಂಬೆಹುಳಿ ಕುಡಿಸಿ ಕಾಯುವ ವಿಷಯವಲ್ಲ. ಆ ಹಂತವನ್ನು ವೈದ್ಯರ ಉಸ್ತುವಾರಿಯಲ್ಲಿ ದಾಟಿದ ನಂತರವೇ ಚಟುವಟಿಕೆ ಚಿಕಿತ್ಸೆಯ ಮಾತು. ತುಡಿತ ತಗ್ಗಿಸುವ ಮಾತ್ರೆ ಬರೆದುಕೊಟ್ಟಿದ್ದರೆ ಅದನ್ನೂ ಮುಂದುವರಿಸಬೇಕು. ಚಟುವಟಿಕೆ ಮಾತ್ರೆಯ ಬದಲಿಯಲ್ಲ, ಮಾತ್ರೆ ಚಟುವಟಿಕೆಯ ಬದಲಿಯೂ ಅಲ್ಲ.

ಮೊದಲ ವಾರ: ಬರೆದಿಡುವುದು, ಅಷ್ಟೇ

ಮೊದಲ ವಾರದಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ. ಒಂದು ನೂರು ಪುಟದ ನೋಟ್‌ಪುಸ್ತಕ ಸಾಕು. ದಿನವನ್ನು ಗಂಟೆಗಳಾಗಿ ಭಾಗಮಾಡಿ, ಪ್ರತಿ ಹೊತ್ತಿನಲ್ಲಿ ಏನು ಮಾಡಿದಿರೆಂದು ನಾಲ್ಕು ಪದದಲ್ಲಿ ಬರೆದು, ಪಕ್ಕದಲ್ಲಿ ಮೂರು ಅಂಕ ಹಾಕಬೇಕು: ಅದರಿಂದ ಸಿಕ್ಕ ಖುಷಿ, ಏನನ್ನೋ ಮಾಡಿ ಮುಗಿಸಿದೆನೆಂಬ ಸಾಧನೆಯ ಭಾವ, ಮತ್ತು ಕುಡಿಯಬೇಕೆನ್ನುವ ತುಡಿತ, ಪ್ರತಿಯೊಂದೂ 0ಯಿಂದ 10ರ ಒಳಗೆ. ಬರವಣಿಗೆ ರೂಢಿಯಿಲ್ಲದವರು ಮೊಬೈಲಿನಲ್ಲಿ ಧ್ವನಿಮುದ್ರಿಸಿಡಬಹುದು. ಮಗಳೋ ಮಗನೋ ರಾತ್ರಿ ಅದನ್ನು ಪುಸ್ತಕಕ್ಕೆ ಇಳಿಸಬಹುದು.

ಒಂದು ಪುಟವನ್ನು ಹತ್ತಿರದಿಂದ ನೋಡೋಣ. ಇದು ಉದಾಹರಣೆಗೆಂದು ಕಲ್ಪಿಸಿಕೊಂಡದ್ದು: ಉಡುಪಿಯ ಸಂತೆಕಟ್ಟೆಯ ಗ್ಯಾರೇಜೊಂದರಲ್ಲಿ ದುಡಿಯುವ, ನಲವತ್ತು ದಾಟಿದ ಮೆಕ್ಯಾನಿಕ್ ಒಬ್ಬರ ದಿನ. ಬೆಳಿಗ್ಗೆ 9ರಿಂದ 1, ಗೇರ್‌ಬಾಕ್ಸ್ ಕೆಲಸ: ಖುಷಿ 3, ಸಾಧನೆ 6, ತುಡಿತ 1. ಸಂಜೆ 5.30, ಬಿಲ್ಲಿನ ವಿಷಯದಲ್ಲಿ ಗಿರಾಕಿಯ ಜೊತೆ ಜಗಳ: ಖುಷಿ 0, ಸಾಧನೆ 1, ತುಡಿತ 5. 6.30ರಿಂದ 7.30, ಬಸ್‌ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತದ್ದು: ಖುಷಿ 0, ಸಾಧನೆ 0, ತುಡಿತ 9. 7.30ರಿಂದ 10, ಮನೆಯಲ್ಲಿ ಟಿವಿ ಮತ್ತು ಮೊಬೈಲು: ಖುಷಿ 2, ಸಾಧನೆ 0, ತುಡಿತ 6. ಅದೇ ವಾರದ ಭಾನುವಾರದ ಪುಟದಲ್ಲಿ ಇನ್ನೊಂದು ಸಾಲಿದೆ. ಮಧ್ಯಾಹ್ನ, ಅಕ್ಕನ ಮನೆಯ ಪಂಪ್‌ಸೆಟ್ ರಿಪೇರಿ, ಅಳಿಯ (ಅಕ್ಕನ ಮಗ) ಜೊತೆಗಿದ್ದ: ಖುಷಿ 7, ಸಾಧನೆ 8, ತುಡಿತ 1.

"ನನಗೆ ದಿನವಿಡೀ ಅದೇ ಧ್ಯಾನ" ಎಂದು ಹೇಳುತ್ತಿದ್ದವರಿಗೆ ಈ ಪುಟ ಬೇರೆಯದೇ ಸಂಗತಿ ತಿಳಿಸುತ್ತದೆ. ತುಡಿತ ದಿನವಿಡೀ ಇಲ್ಲ. ಕೆಲಸ ಮುಗಿದ ಮೇಲಿನ ಒಂದು ಗಂಟೆಯಲ್ಲಿ ಅದು ತುದಿ ಮುಟ್ಟುತ್ತದೆ. ಟಿವಿ ಹೊತ್ತು ಕೊಲ್ಲುತ್ತದೆಯೇ ಹೊರತು ತುಡಿತವನ್ನು ಅಷ್ಟಾಗಿ ಇಳಿಸುವುದಿಲ್ಲ. ಸಂಜೆಯ ಆ ಹೊತ್ತಿಗೆ ಹೊಟ್ಟೆಯೂ ಖಾಲಿ ಇತ್ತು, ಜಗಳದ ಸಿಟ್ಟೂ ಇಳಿದಿರಲಿಲ್ಲ. ಮತ್ತು ಪರಿಹಾರದ ಎಳೆ ಬೇರೆಲ್ಲೂ ಇಲ್ಲ, ಭಾನುವಾರದ ಆ ಸಾಲಿನಲ್ಲಿಯೇ ಇದೆ. ಇಡೀ ಕ್ರಮದಲ್ಲಿ ಅತ್ಯಂತ ಬೆಲೆಯುಳ್ಳದ್ದು ಈ ಪುಸ್ತಕವೆಂದು ನನ್ನ ಅಭಿಪ್ರಾಯ. ಜನರು ಅತಿ ಬೇಗ ಕೈಬಿಡುವುದೂ ಇದನ್ನೇ.

ಯಾವ ಕೆಲಸವನ್ನು ಆರಿಸಿಕೊಳ್ಳಬೇಕು

ಸಮಯ ತುಂಬಿಸುವುದೇ ಗುರಿಯೆಂದು ತಪ್ಪು ತಿಳಿದವರು ಓವರ್‌ಟೈಮ್ ದುಡಿದು ದಣಿಯುತ್ತಾರೆ, ಆ ದಣಿವಿನ ಕೊನೆಯಲ್ಲಿ ಕುಡಿತವೇ ಬಹುಮಾನವಾಗಿ ಕಾಣುತ್ತದೆ. ಆರಿಸುವ ಕೆಲಸ ಎರಡು ಪರೀಕ್ಷೆಗಳಲ್ಲಿ ಗೆಲ್ಲಬೇಕು. ಒಂದು, ಅದು ತಾನು ಬೆಲೆಕೊಡುವ ಯಾವುದೋ ಒಂದಕ್ಕೆ ಸೇರಿರಬೇಕು: ಮಕ್ಕಳಿಗೆ ಬೇಕಾದ ತಂದೆಯಾಗುವುದು, ಕೈಕೆಲಸದಲ್ಲಿ ಹೆಸರು ಉಳಿಸಿಕೊಳ್ಳುವುದು, ದೈವದೇವರ ಸೇವೆ, ದೇಹದ ಆರೋಗ್ಯ, ಊರಿನವರ ನಡುವೆ ತಲೆಯೆತ್ತಿ ನಿಲ್ಲುವುದು, ಹೀಗೆ. ಇನ್ನೊಂದು, ಅದನ್ನು ಮಾಡಿದ ದಿನವೇ ಸ್ವಲ್ಪವಾದರೂ ಪ್ರತಿಫಲ ಸಿಗಬೇಕು. ಆರು ತಿಂಗಳ ನಂತರ ಬರುವ ಲಾಭ ಇವತ್ತಿನ ಸಂಜೆಯ ತುಡಿತದ ಎದುರು ನಿಲ್ಲಲಾರದು.

ಮೆಕ್ಯಾನಿಕ್ ಅವರ ವಿಷಯದಲ್ಲಿ, ಅಕ್ಕನ ಮಗನಿಗೆ ವಾರದಲ್ಲಿ ಎರಡು ಸಂಜೆ ಬೈಕಿನ ಕೆಲಸ ಕಲಿಸುವುದು ಎರಡೂ ಪರೀಕ್ಷೆಗಳಲ್ಲಿ ಗೆಲ್ಲುತ್ತದೆ. ಮನೆತನದ ಹಕ್ಕು ಸೋದರಮಾವನಿಂದ ಅಕ್ಕತಂಗಿಯರ ಮಕ್ಕಳಿಗೆ ಸಾಗುವ ಅಳಿಯಕಟ್ಟಿನ ನೆಲದಲ್ಲಿ ಸೋದರಮಾವನ ಸ್ಥಾನ ಸಣ್ಣದಲ್ಲ. ಕುಡಿತದ ವರ್ಷಗಳಲ್ಲಿ ಕಳೆದುಹೋಗಿದ್ದ ಆ ಸ್ಥಾನ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚುವುದರಿಂದ ಮರಳಿ ಸಿಗತೊಡಗುತ್ತದೆ.

ಉಳಿದವರು ತಮ್ಮ ತಮ್ಮ ಪಟ್ಟಿಯನ್ನು ತಾವೇ ಮಾಡಿಕೊಳ್ಳಬೇಕು, ಹಣ ಬೇಡದ ಕೆಲಸಗಳಿಗೆ ಆದ್ಯತೆ ಕೊಡಬೇಕು. ಕದ್ರಿ ಪಾರ್ಕಿನಲ್ಲಿ ಅಥವಾ ಅಜ್ಜರಕಾಡಿನ ಮೈದಾನದಲ್ಲಿ ನಡಿಗೆ, ಭಜನಾ ಮಂಡಳಿಯ ತಾಳ, ಚೆಂಡೆ ಕಲಿಯುವುದು, ಹೊಳೆಬದಿಯಲ್ಲಿ ಗಾಳ ಹಾಕುವುದು, ಅಂಗಳದ ಮಲ್ಲಿಗೆ ಗಿಡಗಳ ಆರೈಕೆ, ಅಡಿಕೆ ಸುಲಿಯುವುದು, ಚರ್ಚಿನ ಗಾಯನವೃಂದ, ಮಸೀದಿಯ ಮಗ್ರಿಬ್ ನಮಾಜಿನ ನಂತರ ಮಕ್ಕಳ ಓದು ನೋಡುವುದು, ವರ್ಷಗಳಿಂದ ಮಾತುಬಿಟ್ಟ ಅಣ್ಣನಿಗೆ ಒಂದು ಫೋನು. ಪಟ್ಟಿಯಲ್ಲಿ ಸುಲಭದವು ಮೇಲೆ, ಕಠಿಣವಾದವು ಕೆಳಗೆ ಇರಲಿ. ಅಣ್ಣನ ಫೋನು ಖಂಡಿತ ಮೊದಲ ವಾರದ ಕೆಲಸವಲ್ಲ.

ಮೇಲ್ನೋಟಕ್ಕೆ ಒಳ್ಳೆಯದಾಗಿ ಕಂಡರೂ ಮೊದಲ ಕೆಲವು ತಿಂಗಳು ದೂರವಿಡಬೇಕಾದ ಸಂಗತಿಗಳೂ ಇವೆ. ನಮ್ಮ ಜಿಲ್ಲೆಗಳಲ್ಲಿ ಮದುವೆಯ ಹಿಂದಿನ ರಾತ್ರಿಯ ಮೆಹೆಂದಿ ಎಷ್ಟೋ ಕಡೆ ಗಂಡಸರ ಕುಡಿತದ ಕೂಟವಾಗಿ ಬಿಟ್ಟಿದೆ. ಅಲ್ಲಿಗೆ ಹೋಗಿ ಬರೀ ಊಟಮಾಡಿ ಬರುತ್ತೇನೆಂಬುದು ಆಗುವ ಮಾತಲ್ಲ. ಮರುದಿನ ಹಗಲಿನ ಮುಹೂರ್ತಕ್ಕೆ ಹೋಗಿ ಉಡುಗೊರೆ ಕೊಟ್ಟು ಬಂದರೆ ನೆಂಟಸ್ತಿಕೆಗೇನೂ ಕುಂದಿಲ್ಲ. ಕಂಬಳದ ರಾತ್ರಿ, ನೇಮದ ನಂತರದ ಊಟ, ಕ್ರಿಕೆಟ್ ಪಂದ್ಯದ ಬಹುಮಾನ ಸಿಕ್ಕಿದ ಸಂಜೆ, ಇವುಗಳಿಗೆಲ್ಲ ಇದೇ ಲೆಕ್ಕ: ಕುಡಿಯದ ಒಬ್ಬರು ಜೊತೆಗಿರುವುದಾದರೆ, ಹೊರಡುವ ಹೊತ್ತು ಮೊದಲೇ ಗೊತ್ತಾಗಿರುವುದಾದರೆ ಮಾತ್ರ ಹೋಗುವುದು.

ವಾರದ ಯೋಜನೆ ಬರೆಯುವ ಬಗೆ

"ದಿನಾ ವಾಕಿಂಗ್ ಹೋಗುತ್ತೇನೆ" ಎಂಬುದು ಯೋಜನೆಯಲ್ಲ. "ಸೋಮವಾರ ಮತ್ತು ಗುರುವಾರ ಸಂಜೆ 6.15ಕ್ಕೆ ಗ್ಯಾರೇಜಿನಿಂದ ನೇರವಾಗಿ ಅಕ್ಕನ ಮನೆಗೆ, ಅಲ್ಲಿ ಚಾ ಮತ್ತು ತಿಂಡಿ, 7.30ರ ತನಕ ಅಳಿಯನ ಜೊತೆ ಬೈಕಿನ ಕೆಲಸ" ಎಂಬುದು ಯೋಜನೆ. ಎಷ್ಟು ಹೊತ್ತಿಗೆ, ಎಲ್ಲಿ, ಯಾರ ಜೊತೆ, ಎಷ್ಟು ಹೊತ್ತು ಎಂಬ ನಾಲ್ಕೂ ಅದರಲ್ಲಿವೆ; ಹಸಿವೆಗೂ ಉತ್ತರವಿದೆ. ಹೋಗುವ ದಾರಿಯೂ ಯೋಜನೆಯ ಭಾಗ. ಎಂದಿನ ವೈನ್‌ಶಾಪ್ ದಾರಿಯಲ್ಲಿಯೇ ಇದ್ದರೆ ಬೇರೆ ಬಸ್ಸು ಹಿಡಿಯಬೇಕು, ಅಥವಾ ಅಳಿಯನೇ ಬೈಕಿನಲ್ಲಿ ಬಂದು ಕರೆದುಕೊಂಡು ಹೋಗಬೇಕು.

ಬರೆದಿಡುವ ವಾರ ಮುಗಿದ ಮೇಲೆ, ಯೋಜನೆಯ ಮೊದಲ ವಾರಕ್ಕೆ ಎರಡೋ ಮೂರೋ ಕೆಲಸ ಸಾಕು. ಹುಮ್ಮಸ್ಸಿನಲ್ಲಿ ಏಳೂ ದಿನಕ್ಕೆ ಏಳು ಕೆಲಸ ಬರೆದು ಬುಧವಾರದ ಹೊತ್ತಿಗೆ ಸೋತೆನೆಂದು ಕೂರುವುದಕ್ಕಿಂತ, ನಗೆ ಬರುವಷ್ಟು ಸಣ್ಣದಾಗಿ ಆರಂಭಿಸುವುದು ಲೇಸು. ಅರ್ಧ ಗಂಟೆಯ ನಡಿಗೆ ಭಾರವೆನಿಸಿದರೆ ಚಪ್ಪಲಿ ಹಾಕಿ ಗೇಟಿನ ತನಕ ಹೋಗಿಬರುವುದೇ ಅವತ್ತಿನ ಕೆಲಸ. ಕೆಲಸ ಮಾಡಿದ ಮೇಲೆ ಮೂರು ಅಂಕಗಳನ್ನು ಹಾಕುವುದನ್ನು ಬಿಡಬಾರದು. ಮೊದಮೊದಲು ಖುಷಿಯ ಅಂಕ 1 ಅಥವಾ 2 ಬರುವುದು ಸಹಜ. ಮದ್ಯದ ಅಬ್ಬರಕ್ಕೆ ಒಗ್ಗಿದ ಮೆದುಳಿಗೆ ಸಣ್ಣ ಸಂತೋಷಗಳು ಕೆಲವು ವಾರಗಳ ಕಾಲ ಸಪ್ಪೆಯಾಗಿಯೇ ಇರುತ್ತವೆ. ಆ ಸಪ್ಪೆ ಹೊತ್ತಿನಲ್ಲಿ ಖುಷಿಯನ್ನು ಬಿಟ್ಟು ಸಾಧನೆಯ ಅಂಕವನ್ನು ನೋಡಬೇಕು; ಅದು ಮೊದಲು ಏರುತ್ತದೆ. ಮೂರು ನಾಲ್ಕು ಸಲ ಮಾಡಿದರೂ ಎರಡೂ ಅಂಕ ಏರದ ಕೆಲಸವನ್ನು ಕೈಬಿಟ್ಟು ಪಟ್ಟಿಯ ಮುಂದಿನದಕ್ಕೆ ಹೋಗಬೇಕು.

ಕರಾವಳಿಯ ಯೋಜನೆಗೆ ಮಳೆಗಾಲದ ಪುಟ ಬೇರೆಯೇ ಬೇಕು. ಜೂನ್‌ನಿಂದ ಸೆಪ್ಟೆಂಬರಿನ ತನಕ ಹೊರಗಿನ ಕೆಲಸಗಳನ್ನೇ ನಂಬಿದವರ ಯೋಜನೆ ಮೊದಲ ದೊಡ್ಡ ಮಳೆಗೇ ಕೊಚ್ಚಿಹೋಗುತ್ತದೆ. ಪ್ರತಿ ಹೊರಗಿನ ಕೆಲಸದ ಎದುರು "ಮಳೆ ಬಂದರೆ" ಎಂದು ಬರೆದು ಒಳಗಿನ ಕೆಲಸವೊಂದನ್ನು ಮೊದಲೇ ನಮೂದಿಸಬೇಕು. ಮೀನುಗಾರಿಕೆಯವರ ಪರಿಸ್ಥಿತಿ ಇನ್ನೂ ನಾಜೂಕಿನದು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆಯಲ್ಲಿ, ಮಂಗಳೂರಿನ ದಕ್ಕೆಯಲ್ಲಿ (ಮೀನುಗಾರಿಕಾ ಬಂದರಿನಲ್ಲಿ) ದುಡಿಯುವವರಿಗೆ ಒಮ್ಮೆಲೇ ದಿನಕ್ಕೆ ಹದಿನಾಲ್ಕು ಗಂಟೆಯ ಬಿಡುವು, ಜೊತೆಗೆ ಕೈಯಲ್ಲಿ ಹಣವಿಲ್ಲದ ಚಿಂತೆ. ಇಂಥವರು ಮೇ ತಿಂಗಳ ಎರಡನೆಯ ವಾರದಲ್ಲಿಯೇ ಆ ಎರಡು ತಿಂಗಳ ಯೋಜನೆ ಬರೆದಿಡಬೇಕು: ಬಲೆ ರಿಪೇರಿ ಯಾರ ಚಪ್ಪರದಲ್ಲಿ, ಯಾವ ದಿನಗಳಲ್ಲಿ, ನಾಡದೋಣಿಯವರ ಜೊತೆ ಕೆಲಸವಿದೆಯೇ, ಮನೆಯ ಹೆಂಚು ಕೈಯಾಡಿಸುವುದು ಯಾವಾಗ. ಯಕ್ಷಗಾನ ಮೇಳಗಳಲ್ಲಿ ದುಡಿಯುವವರಿಗೂ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ದಿನ ತಿರುಗಾಟ ಮುಗಿದ ಮೇಲೆ ಇದೇ ಬಗೆಯ ಖಾಲಿ ಎದುರಾಗುತ್ತದೆ.

ಮಂಗಳೂರು, ಮಣಿಪಾಲದ ಕಾಲೇಜು ಮಕ್ಕಳ ಗಾಂಜಾ ಚಟಕ್ಕೂ ಕ್ರಮ ಇದೇ, ಹೊತ್ತು ಮಾತ್ರ ಬೇರೆ: ಹಾಸ್ಟೆಲ್ ಅಥವಾ ಪಿ.ಜಿ.ಯ ರಾತ್ರಿ ಹತ್ತರ ನಂತರ, ಶನಿವಾರ, ಪರೀಕ್ಷೆ ಮುಗಿದ ಮರುದಿನ. ಕೋಣೆಯ ಗೆಳೆಯರೇ ಸೇದುವವರಾಗಿದ್ದರೆ ಕೋಣೆ ಬದಲಿಸುವುದೇ ಯೋಜನೆಯ ಮೊದಲ ಸಾಲಾಗಬೇಕು.

ತುಡಿತ ಎದ್ದಾಗ

ಯೋಜನೆ ಎಷ್ಟು ಚೆನ್ನಾಗಿದ್ದರೂ ಕೆಲವು ಸಂಜೆ ತುಡಿತ ಬಂದೇ ಬರುತ್ತದೆ. ಆಗ ಕೇಳಿಕೊಳ್ಳಬೇಕಾದದ್ದು ಮೂರು: ಇದನ್ನು ಎಬ್ಬಿಸಿದ್ದು ಯಾವುದು, ಇದರಿಂದ ನಾನು ತಪ್ಪಿಸಿಕೊಳ್ಳಲು ನೋಡುತ್ತಿರುವುದು ಯಾವುದರಿಂದ, ಅದಕ್ಕೆ ಕುಡಿತವಲ್ಲದ ದಾರಿ ಏನು. ಬಿಲ್ಲಿನ ಜಗಳದ ಸಿಟ್ಟು ತುಡಿತವನ್ನು ಎಬ್ಬಿಸಿದ್ದರೆ, ಕುಡಿತ ಆ ಸಿಟ್ಟನ್ನು ನಾಳೆಗೆ ಮುಂದೂಡುತ್ತದೆ, ಗಿರಾಕಿ ಮಾತ್ರ ನಾಳೆಯೂ ಬರುತ್ತಾನೆ. ಅದರ ಬದಲು ಮಾಲೀಕರ ಹತ್ತಿರ ಹೋಗಿ, "ನಾಳೆ ಆ ಗಿರಾಕಿಯ ಹತ್ತಿರ ನೀವೇ ಮಾತಾಡಿ, ನನ್ನಿಂದಾಗುವುದಿಲ್ಲ" ಎಂದು ಹೇಳಿ ಗ್ಯಾರೇಜು ಬಿಡುವುದು ಬದಲಿ ದಾರಿ. ತುಡಿತ ಅಲೆಯಂತೆ ಏರಿ, ತುದಿ ಮುಟ್ಟಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆಗಾಗಿ ಕೈಗಳಿಗೆ ಕೆಲಸ ಕೊಡುವ ಒಂದು ತುರ್ತು ಚಟುವಟಿಕೆಯನ್ನು ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಳ್ಳಬೇಕು. ತೆಂಗಿನಕಾಯಿ ಸುಲಿಯುವುದು, ಬಾವಿಯಿಂದ ನೀರು ಸೇದಿ ಗಿಡಗಳಿಗೆ ಹಾಕುವುದು, ಬಿಸಿನೀರಿನ ಸ್ನಾನ, ಏನಾದರೂ ಆಗಬಹುದು.

ಮನೆಯವರ ಪಾಲು

ಮನೆಯವರ ಮನಸ್ಸಿನಲ್ಲಿ ವರ್ಷಗಳ ಗಾಯವಿರುತ್ತದೆ, ಸಂಶಯವಿರುವುದು ತಪ್ಪಲ್ಲ. ಆದರೆ ಬಾಗಿಲಲ್ಲೇ ನಿಂತು, "ಇಷ್ಟು ಹೊತ್ತು ಎಲ್ಲಿದ್ದಿರಿ? ಬಾಯಿ ತೋರಿಸಿ ನೋಡುವ" ಎಂದು ಬರಮಾಡಿಕೊಂಡರೆ, ಕುಡಿಯದೆ ಮನೆಗೆ ಬಂದದ್ದಕ್ಕೆ ಸಿಕ್ಕ ಪ್ರತಿಫಲ ಅವಮಾನವಾಗುತ್ತದೆ. "ಬಂದಿರಾ? ಚಾ ಇಟ್ಟಿದ್ದೇನೆ. ಅಳಿಯ ಎರಡು ಸಲ ಫೋನು ಮಾಡಿದ್ದ, ಮಾವ ಯಾವಾಗ ಹೊರಡುತ್ತಾರೆ ಅಂತ" ಎಂಬ ಮಾತು ಅದೇ ಬಾಗಿಲಲ್ಲಿ ಬೇರೆಯದೇ ಕೆಲಸ ಮಾಡುತ್ತದೆ. ಕುಡಿಯದ ಸಂಜೆಗೆ ಮನೆಯಲ್ಲಿ ಏನಾದರೂ ಸಿಗುವಂತಿರಬೇಕು: ಜೊತೆಗೆ ಕೂತು ಮಾಡುವ ಊಟ, ಮಕ್ಕಳ ಮಾತು, ಬಂಗುಡೆ ಪುಳಿಮುಂಚಿ. ಕುಡಿದು ಬಂದ ರಾತ್ರಿ ಜಗಳವೂ ಬೇಡ, ಉಪಚಾರವೂ ಬೇಡ. ಮಾತನ್ನು ಬೆಳಿಗ್ಗೆಗೆ ಇಟ್ಟುಕೊಳ್ಳುವುದು. ಹೊಡೆತ ಬಡಿತದ ಭಯವಿದ್ದರೆ ಈ ಸಲಹೆಗಳೆಲ್ಲ ಹಿಂದಕ್ಕೆ, ಹೆಂಗಸರ ಮತ್ತು ಮಕ್ಕಳ ಸುರಕ್ಷತೆ ಮುಂದಕ್ಕೆ.

ಯೋಜನೆಯನ್ನು ಹೆಂಡತಿಯೋ ತಾಯಿಯೋ ಬರೆದುಕೊಡಬಾರದು. ಅವರು ಕೇಳಬಹುದು, ನೆನಪಿಸಬಹುದು, ಜೊತೆಗೆ ಹೋಗಬಹುದು. ಆಯ್ಕೆ ಕುಡಿತ ಬಿಟ್ಟವರದ್ದೇ ಆಗಿರಬೇಕು, ಇಲ್ಲವಾದರೆ ಅದು ಶಿಕ್ಷೆಯಾಗಿಬಿಡುತ್ತದೆ.

ಮತ್ತೆ ಕುಡಿದರೆ

ಹಾಗಾಗುವುದುಂಟು. ಅಂದಿನ ಪುಟವನ್ನು ಹರಿದೆಸೆಯದೆ, ಹಿಂದಿನ ಎರಡು ದಿನಗಳ ಪುಟಗಳ ಜೊತೆ ಇಟ್ಟು ಓದಬೇಕು. ಹೆಚ್ಚಿನ ಸಲ ಕುಡಿತಕ್ಕೆ ಮೊದಲೇ ಯೋಜನೆಯ ಕೆಲಸವೊಂದು ತಪ್ಪಿರುತ್ತದೆ: ಅಕ್ಕನ ಮನೆಯವರು ಊರಲ್ಲಿರಲಿಲ್ಲ, ಬದಲಿ ಬರೆದಿರಲಿಲ್ಲ, ಅಥವಾ ಸಂಬಳದ ದಿನವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ತಪ್ಪಿದ ಕೊಂಡಿಯನ್ನು ಸರಿಪಡಿಸಿ, ಮರುದಿನವೇ ಪಟ್ಟಿಯ ಅತಿ ಸಣ್ಣ ಕೆಲಸದಿಂದ ಮುಂದುವರಿಯಬೇಕು. ಕೆಲವು ದಿನ ಬಿಡದೆ ಕುಡಿದಿದ್ದರೆ ಮಾತ್ರ, ನಿಲ್ಲಿಸುವ ಮೊದಲು ಮತ್ತೆ ವೈದ್ಯರನ್ನು ಕಾಣುವುದು ಕಡ್ಡಾಯ. ಡೈಸಲ್ಫಿರಾಮ್ ಮಾತ್ರೆಯ ಮೇಲಿರುವವರು ಒಂದೇ ಗುಟುಕು ಕುಡಿದರೂ ತೀವ್ರ ತೊಂದರೆಯಾಗಬಹುದು, ಅವರು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಎರಡು ವಾರ ಕಳೆದರೂ ಮಂಕು ಹಾಗೇ ಇದ್ದರೆ, ನಿದ್ರೆ ಊಟ ಪೂರ್ತಿ ಕೆಟ್ಟಿದ್ದರೆ, ಬದುಕೇ ಬೇಡವೆಂಬ ಮಾತು ಬಂದರೆ ನೋಟ್‌ಪುಸ್ತಕದ ಭರವಸೆಯಲ್ಲಿ ಕೂರಬಾರದು. ಟೆಲಿ ಮಾನಸ್ ಸಹಾಯವಾಣಿ 14416 ದಿನದ ಎಲ್ಲ ಹೊತ್ತಿನಲ್ಲಿ ಲಭ್ಯ, ಕನ್ನಡದಲ್ಲಿ ಮಾತನಾಡಬಹುದು; ಚಟಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ವೈದ್ಯರ ಅಥವಾ ಸಮಾಲೋಚಕರ ಭೇಟಿಗೆ ಹೋಗುವಾಗ ಕಳೆದ ಎರಡು ವಾರದ ಪುಟಗಳನ್ನು ಜೊತೆಗೆ ಒಯ್ಯಬೇಕು, ತುಡಿತದ ಅಂಕ 7 ದಾಟಿದ ಹೊತ್ತುಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿರಬೇಕು. ಹೊರರೋಗಿ ವಿಭಾಗದ ಗದ್ದಲದಲ್ಲಿ ಸಿಗುವ ಕೆಲವೇ ನಿಮಿಷಗಳಲ್ಲಿ ಮಾತಿನಿಂದ ಹೇಳಲಾಗದ್ದನ್ನು ಆ ಗುರುತುಗಳು ತೋರಿಸುತ್ತವೆ.